ರಾಜನ ಪಟದ ಮುಂದಿನ ದೀಪ

ಹೊಳಲ್ಕೆರೆಯ ನಮ್ಮ ತಾತನ ಮನೆಯಲ್ಲಿ ದೇವರ ಗೂಡಿನ ಮೇಲೆ ಒಬ್ಬ ರಾಜನಿದ್ದ. ಗೂಡಿನೊಳಗೆ ಮನೆದೇವರ ಹಿತ್ತಾಳೆ ಮುಖವಾಡ, ಒಂದು ಗಂಟೆ, ಅರಿಸಿನ ಕುಂಕುಮದ ಬಟ್ಟಲು. ಅದರ ಮೇಲೆ, ಗೋಡೆಗೆ ಹೊಡೆದ ಮೊಳೆಯಲ್ಲಿ, ಗಾಜಿನ ಕಟ್ಟು ಹಾಕಿಸಿದ ಮೈಸೂರು ಮಹಾರಾಜರ ಪಟ. ಜರಿಪೇಟ, ಕೊರಳಿಗೆ ಮುತ್ತಿನ ಸರ, ಆಗಿನ್ನೂ ಹರೆಯದ ಗುಂಡು ಮುಖ. ಹಳೇ ಮೈಸೂರು ರಾಜ್ಯದ ಎಷ್ಟೋ ಮನೆಗಳಲ್ಲಿ ಅಂಥ ಪಟ ಇರುತ್ತಿತ್ತು, ಅದೇನು ದೊಡ್ಡ ಸಂಗತಿಯಲ್ಲ. ನಮ್ಮ ಮನೆಯಲ್ಲಿ ಮಾತ್ರ ದೊಡ್ಡ ಸಂಗತಿ. ಏಕೆಂದರೆ ನನ್ನ ತಾತ ಅದೇ ರಾಜರ ಆಡಳಿತ ತೊಲಗಲಿ ಅಂತ ಬೀದಿಯಲ್ಲಿ ಕೂಗಿ ಚಿತ್ರದುರ್ಗದ ಜೈಲಿಗೆ ಹೋಗಿ ಬಂದವನು. ನನ್ನ ಅಜ್ಜಿ ಅದೇ ರಾಜನಿಗೆ ದಿನಾ ಸಂಜೆ ದೀಪ ಹಚ್ಚುವವಳು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಈ ಇಬ್ಬರ ನಡುವೆ ಬೆಳೆದೆ. ನನ್ನ ಅಪ್ಪ, ಅಂದರೆ ಇವರ ಮಗ, ರಸ್ತೆ ಇಲಾಖೆಯಲ್ಲಿ ರೋಡ್ ರೋಲರ್ ಓಡಿಸುತ್ತಿದ್ದ. ಇವತ್ತು ಹೊಸದುರ್ಗದ ರಸ್ತೆ, ಮುಂದಿನ ತಿಂಗಳು ಭರಮಸಾಗರದ ರಸ್ತೆ. ರೋಲರ್ ನಿಂತ ಕಡೆ ಅಪ್ಪ ಅಮ್ಮನ ಬಿಡಾರ. ಹುಡುಗಿಯ ಓದು ಹಾಳಾಗಬಾರದು ಅಂತ ನನ್ನನ್ನು ಹೊಳಲ್ಕೆರೆಯಲ್ಲಿ ಬಿಟ್ಟಿದ್ದರು. ನನಗೆ ಸಿಟ್ಟು ಬೇಗ ಬರುತ್ತಿತ್ತು, ಈಗಲೂ ಬರುತ್ತದೆ. ಬಿಟ್ಟುಹೋದರಲ್ಲ ಅನ್ನುವ ಸಿಟ್ಟನ್ನು ನಾನು ಅಜ್ಜಿಯ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಆಕೆ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ.

ತಾತ ದರ್ಜಿ. ಮನೆಯ ಜಗುಲಿಯೇ ಅಂಗಡಿ, ಒಂದು ಕಾಲುಮಷಿನ್ನು, ಒಂದು ಬೆಂಚು. ಚಳವಳಿಯ ಕಾಲದಲ್ಲಿ ಸುತ್ತಮುತ್ತಲ ಊರುಗಳಿಗೆಲ್ಲ ಬಾವುಟ, ಟೋಪಿ ಹೊಲಿದು ಕೊಟ್ಟವನು ಅವನೇ. ಮಷಿನ್ನು ತುಳಿಯುತ್ತ ಊರ ಸುದ್ದಿಯನ್ನೆಲ್ಲ ಮಾತಾಡುತ್ತಿದ್ದ. ಬಂದವರಿಗೆ "ಬರ್ರಿ, ಕುಂತ್ಕಳ್ರಿ" ಅನ್ನುವಾಗಲೂ ಕಾಲು ನಿಲ್ಲುತ್ತಿರಲಿಲ್ಲ. ಸಂಜೆ ಒಳಗೆ ಅಜ್ಜಿ ಕಡ್ಡಿ ಗೀರಿದ ಸದ್ದಾದರೆ ಮಾತ್ರ ಕಾಲು ನಿಲ್ಲುತ್ತಿತ್ತು. ದೀಪ ಹತ್ತಿತು ಅಂತ ಖಾತ್ರಿಯಾದ ಮೇಲೆ ಮತ್ತೆ ತುಳಿಯುತ್ತಿದ್ದ, ಮೊದಲಿಗಿಂತ ಜೋರಾಗಿ. ಮಾತು ಮಾತ್ರ ಮತ್ತೆ ಶುರುವಾಗುತ್ತಿರಲಿಲ್ಲ.

ಅಜ್ಜಿಯ ತವರು ಹಿರಿಯೂರಿನ ಪಕ್ಕದ ಆದಿವಾಲ. ಮಾರಿಕಣಿವೆ ಕಟ್ಟೆಯ ನೀರು ಕುಡಿದು ಬೆಳೆದವಳು. ಆ ಕಟ್ಟೆ ಕಟ್ಟಿಸಿದ ಕಾಲದ ರಾಜರು ಬೇರೆ, ಪಟದಲ್ಲಿದ್ದವರು ಬೇರೆ ಅಂತ ನಾನು ಎಷ್ಟೋ ಸಲ ಹೇಳಿದ್ದೆ. ಆಕೆಗೆ ಅದೆಲ್ಲ ಒಂದೇ. ರಾಜ ಅಂದರೆ ಒಬ್ಬನೇ, ಅವನೇ ನೀರು ಬಿಟ್ಟವನು. ದೀಪದ ಕಾರಣ ಇಷ್ಟೇ ಅಂತ ನಾನು ತಿಳಿದುಕೊಂಡಿದ್ದೆ. ಇನ್ನೊಂದು ವಿಚಿತ್ರವೂ ಇತ್ತು. ಊರಾಚೆ ಇದ್ದ ಊರದೇವತೆ ಅಮ್ಮನ ಗುಡಿಗೆ ಕೇರಿಯ ಹೆಂಗಸರೆಲ್ಲ ಮಂಗಳವಾರ ಹೋದರೆ ಅಜ್ಜಿ ಹೋಗುತ್ತಿರಲಿಲ್ಲ. ಯಾರಾದರೂ ಕರೆದರೆ "ನಂದು ಅಲ್ಲಿ ಏನೂ ಇಲ್ಲ, ನೀವು ಹೋಗ್ಬರ್ರಿ" ಅನ್ನುತ್ತಿದ್ದಳು.

ಎಂಟನೆಯ ತರಗತಿಯಲ್ಲಿ ನಮಗೆ ಫ್ರಾನ್ಸಿನ ಕ್ರಾಂತಿಯ ಪಾಠ ಬಂತು. ಚರಿತ್ರೆ ಮೇಷ್ಟ್ರು ಬೆರಳು ಮಡಚುತ್ತ ಬರೆಸಿದರು. ಸಾಮಾಜಿಕ ಕಾರಣ, ಆರ್ಥಿಕ ಕಾರಣ, ರಾಜಕೀಯ ಕಾರಣ, ಕಡೆಗೆ ತಕ್ಷಣದ ಕಾರಣ. ಅದು ಮುಗಿದ ಮೇಲೆ ಪರಿಣಾಮಗಳು. ನಿರಂಕುಶ ರಾಜಪ್ರಭುತ್ವ ಕೊನೆಗೊಂಡಿತು. ಸ್ವಾತಂತ್ರ್ಯ, ಸಮಾನತೆ, ಸೋದರತೆ ಎಂಬ ತತ್ತ್ವಗಳು ಹರಡಿದವು. ಪರೀಕ್ಷೆಗೆ ಬಂದೇ ಬರುತ್ತದೆ, ಬಾಯಿಪಾಠ ಮಾಡಿ ಅಂದರು.

ನಾನು ಜಗುಲಿಯ ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ತಾತ ಯಾರದೋ ಅಂಗಿಗೆ ಕಾಜ ಹೊಲಿಯುತ್ತಿದ್ದ. ಅಜ್ಜಿ ಹೊಸ್ತಿಲಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದಳು. ರೊಟ್ಟಿಗಾಗಿ ಪಟ್ಟಣದ ಹೆಂಗಸರೆಲ್ಲ ಮಳೆಯಲ್ಲಿ ನಡೆದು ರಾಜನ ಅರಮನೆಗೆ ನುಗ್ಗಿದ ಭಾಗ ಬಂತು. ತಾತನಿಗೆ ಖುಷಿಯಾಯಿತು. "ಭಲೆ" ಅಂದ.

ಅಜ್ಜಿ ಕಾಳಿನಿಂದ ತಲೆ ಎತ್ತದೆ ಕೇಳಿದಳು. "ಅವ್ರ ಮಕ್ಳನ್ನ ಮನೇಲಿ ಯಾರು ನೋಡ್ಕಂಡ್ರು?"

ನನ್ನ ಪುಸ್ತಕದಲ್ಲಿ ಅದು ಇರಲಿಲ್ಲ. ನಾನು ಇಲ್ಲ ಅಂದೆ. ತಾತ ಸೂಜಿಗೆ ದಾರ ಪೋಣಿಸಲು ಹೋಗಿ ಎರಡು ಮೂರು ಸಲ ತಪ್ಪಿಸಿದ. ಮುಂದಕ್ಕೆ ಓದಿದೆ. ಕಡೆಗೆ ರಾಜನನ್ನು ಕೊಂದರು ಅಂತ ಬಂದಾಗ ಅಜ್ಜಿಯ ಕೈ ನಿಂತಿತು.

"ಕೊಂದೇ ಬಿಟ್ರಾ? ಯಾತಕ್ಕೆ? ಕೊಟ್ಟ ಮಾತು ತಪ್ಪಿದ್ನಾ?"

"ತಪ್ಪಿದ್ದ" ಅಂದೆ, ಮೇಷ್ಟ್ರು ಹಾಗೇ ಹೇಳಿದ್ದರು.

"ಹಂಗಾರೆ ಸರಿ" ಅಂದು ಅಜ್ಜಿ ಮೊರ ಎತ್ತಿಕೊಂಡು ಒಳಗೆ ಹೋದಳು.

ಆಕೆ ಮರೆಯಾದ ಮೇಲೆ ನಾನು ತಾತನನ್ನು ಕೇಳಿದೆ, ನಮ್ಮ ರಾಜರೇನು ಅಷ್ಟು ಕೆಟ್ಟವರೇ, ನೀನ್ಯಾಕೆ ಜೈಲಿಗೆ ಹೋದೆ ಅಂತ. ಅವನ ಬಾಯಿಂದ ಮೇಷ್ಟ್ರ ಹಾಗೆ ಬೆರಳು ಮಡಚುವಷ್ಟು ಕಾರಣ ಬರುತ್ತದೆ ಅಂದುಕೊಂಡಿದ್ದೆ.

"ರಾಜ ಒಳ್ಳೇನೇ ಇದ್ದ, ಅದಲ್ಲ ಮಾತು" ಅಂದ ತಾತ. "ಅಮಲ್ದಾರ್ರು ಊರಿಗೆ ಕ್ಯಾಂಪ್ ಬಂದ್ರೆ ಡೇರೆ ಹೊರಾದು ನಮ್ಮಪ್ಪ. ಕೋಳಿ ಕೊಡಾದು ಊರು, ಹಾಲು ಕೊಡಾದು ಊರು. ಒಂದ್ಸಲ ನಮ್ಮಪ್ಪ ಯಾಕೆ ಅಂತ ಕೇಳ್ದ. ಬಿಸ್ಲಾಗೆ ನಿಲ್ಸಿದ್ರು. ತಲಿ ಮ್ಯಾಲೆ ಕಲ್ಲು. ನಾನು ಸಣ್ಣೋನು, ನೋಡ್ತಾ ನಿಂತಿದ್ದೆ. ಏನೂ ಕೇಳಂಗಿಲ್ಲ ಕಣವ್ವ. ಕಾರಣ ಅದೊಂದೇ. ಕೇಳೋ ಹಂಗಿರ್ಬೇಕು ಮನುಷ್ಯ."

ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನಲ್ಲಿ ಸ್ವಲ್ಪ ದಿನ ರಾಜರ ಸರ್ಕಾರವೇ ಉಳಿದಿತ್ತು. ಜನ ಆರಿಸಿದ ಸರ್ಕಾರ ಬೇಕು ಅಂತ ಊರೂರಲ್ಲಿ ಜನ ಎದ್ದರು. ಶಾಲೆ ಮುಚ್ಚಿಸಿದರು, ಕಚೇರಿಯ ಮುಂದೆ ಕೂತರು. ಬಾವುಟ ಹೊಲಿದು ಸುಮ್ಮನಿರಲಾರದೆ ತಾತನೂ ಹೋಗಿ ತಾಲ್ಲೂಕು ಕಚೇರಿಯ ಮುಂದೆ ಕೂತ. ಹಿಡಿದು ದುರ್ಗದ ಜೈಲಿಗೆ ಹಾಕಿದರು. ಕಡೆಗೆ ರಾಜರು ಒಪ್ಪಿದರು, ಜನರ ಸರ್ಕಾರ ಬಂತು, ಹಿಡಿದವರನ್ನೆಲ್ಲ ಬಿಟ್ಟರು. ಇಷ್ಟು ನನಗೆ ಗೊತ್ತಿದ್ದ ಕಥೆ. ಆವತ್ತು ತಾತ ಗೊತ್ತಿಲ್ಲದ್ದನ್ನೂ ಹೇಳಿದ.

ಅವನು ಜೈಲಿನಲ್ಲಿದ್ದಾಗ ಮನೆಯಲ್ಲಿ ನನ್ನ ಅಪ್ಪನಿಗೊಬ್ಬ ತಂಗಿ ಇದ್ದಳಂತೆ. ಆಗಷ್ಟೇ ಮಾತು ಕಲಿತ ಮಗು. ಅದಕ್ಕೆ ಜ್ವರ ಬಂತು. ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಗಂಡಸರು ಅರ್ಧ ಜನ ಜೈಲಿನಲ್ಲಿ, ಅರ್ಧ ಜನ ತಲೆಮರೆಸಿಕೊಂಡು. ಅಜ್ಜಿ ಒಬ್ಬಳೇ ಮಗುವನ್ನು ಎತ್ತಿಕೊಂಡು ಓಡಾಡಿದಳು. ಮಗು ಉಳಿಯಲಿಲ್ಲ. ತಾತನಿಗೆ ಸುದ್ದಿಯೇ ಮುಟ್ಟಲಿಲ್ಲ. ಬಿಡುಗಡೆಯಾದ ದಿನ ಹೊಳಲ್ಕೆರೆಯ ಜನ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಡೊಳ್ಳು ಬಡಿಸುತ್ತ ಮನೆಗೆ ತಂದರು. ಕೊರಳ ತುಂಬ ಚೆಂಡುಹೂವಿನ ಹಾರ. ಮಗು ಎಲ್ಲಿ ಅಂತ ಅವನು ನಗುತ್ತ ಕೇಳಿದನಂತೆ.

"ನಿಮ್ಮಜ್ಜಿ ಒಂದು ಮಾತಾಡಲಿಲ್ಲ. ಹತ್ರ ಬಂದ್ಲು. ಹಾರ ತೆಗೆದ್ಲು ನನ್ನ ಕೊಳ್ಳಾಗಿಂದ. ಒಳಗೆ ಹೋಗಿ ಅವನ ಪಟಕ್ಕೆ ಹಾಕಿದ್ಲು. ಆ ರಾಜನ ಪಟಕ್ಕೆ. ಜನ ಎಲ್ಲ ನೋಡ್ತಿದ್ರು. ಆಮ್ಯಾಲೆ ದೀಪ ಹಚ್ಚಿದ್ಲು. ಅವತ್ತಿಂದ ಒಂದಿನ ಬಿಟ್ಟಿಲ್ಲ."

ತಾತ ಕಾಜ ಮುಗಿಸಿ ದಾರ ಕಡಿದ. "ಆ ದೀಪ ರಾಜಂಗಲ್ಲವ್ವ. ನಂಗೆ ಹಚ್ಚಾದು. ನೀನು ಊರ ಉದ್ಧಾರಕ್ಕೆ ಹೋದೆ, ನನ್ನ ಮಗು ಹೋತು ಅಂತ ದಿನಾ ನೆನಪು ಮಾಡ್ತಾಳೆ. ನಾನು ಮಾಡಿದ್ದು ಸರಿ ಅಂತ ಊರೆಲ್ಲ ಹೇಳ್ತೈತೆ. ಅವ್ಳ ಬಾಯಾಗೆ ಒಂದ್ಸಲ ಅನ್ನಿಸ್ಕಂಡು ಸಾಯಬೇಕು. ಅಷ್ಟೇ ನಂಗೆ ಬೇಕಾಗಿರಾದು."

ಹಾಗಂತ ಅವಳನ್ನೇ ಕೇಳಬಹುದಲ್ಲ ಅಂದೆ. ತಾತ ನನ್ನ ಕಡೆ ನೋಡಿದ ಬಗೆ ನನಗೆ ಇನ್ನೂ ನೆನಪಿದೆ. ಅಮಲ್ದಾರರನ್ನು ಕೇಳಬೇಕು ಅಂತ ಜೈಲಿಗೆ ಹೋದ ಮನುಷ್ಯನಿಗೆ ಹೆಂಡತಿಯನ್ನು ಕೇಳಲು ಹೆದರಿಕೆ ಇತ್ತು.

ಆ ವರ್ಷವೇ ಸ್ವಾತಂತ್ರ್ಯದ ಬೆಳ್ಳಿಹಬ್ಬ. ಚಳವಳಿ ಮಾಡಿದವರ ಮನೆಮನೆಗೆ ಹೋಗಿ ಶಾಲು ಹೊದಿಸುತ್ತಾರೆ, ನಿಮ್ಮ ಮನೆಗೂ ಅಧಿಕಾರಿಗಳು ಬರುತ್ತಾರೆ ಅಂತ ತಾಲ್ಲೂಕು ಕಚೇರಿಯಿಂದ ಹೇಳಿಕಳಿಸಿದರು. ತಾತನಿಗೆ ಊಟ ಸೇರದಾಯಿತು. ಸಂತೋಷಕ್ಕಲ್ಲ, ಪಟದ ಚಿಂತೆಗೆ. ಒಳಗೆ ಬಂದವರು ಮೊದಲು ನೋಡುವುದೇ ಅದನ್ನು. ರಾಜನ ವಿರುದ್ಧ ಹೋರಾಡಿದವನ ಮನೆಯಲ್ಲಿ ರಾಜನಿಗೆ ಪೂಜೆ ಅಂತ ಊರೆಲ್ಲ ನಗಾಡುವುದಿಲ್ಲವೇ? ನಮ್ಮ ಕೇರಿಗೆ ಗೊತ್ತಿದ್ದರೂ ಕೇರಿ ನಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೊರಗಿನವರ ಮಾತು ಬೇರೆ.

"ಒಂದಿನ ಇಳಿಸ್ತೀನಿ. ಅವ್ರು ಹೋದ್ಮೇಲೆ ನಾನೇ ತೂಗಾಕ್ತೀನಿ" ಅಂತ ತಾತ ನನ್ನ ಮುಖ ನೋಡಿಕೊಂಡು ಹೇಳಿದ. ಮಾತು ಅಜ್ಜಿಗೆ. ಅವರಿಬ್ಬರ ಮುಖ್ಯ ಮಾತುಗಳೆಲ್ಲ ನನ್ನ ಮೂಲಕವೇ ನಡೆಯುತ್ತಿದ್ದವು.

"ಇಳಿಸಾಂಗಿಲ್ಲ" ಅಂದಳು ಅಜ್ಜಿ.

"ಯಾಕಂತೆ?"

"ಇಳಿಸಾಂಗಿಲ್ಲ ಅಂದ್ರೆ ಇಳಿಸಾಂಗಿಲ್ಲ."

ತಾತ ಎರಡು ದಿನ ಯೋಚಿಸಿ ದರ್ಜಿ ಮಾಡುವ ಕೆಲಸವನ್ನೇ ಮಾಡಿದ. ಒಂದು ಪರದೆ ಹೊಲಿದ. ಯಾರೋ ರವಿಕೆಗೆ ಕೊಟ್ಟು ಉಳಿದಿದ್ದ ಕೆಂಪು ಬಟ್ಟೆ, ಮೇಲೆ ನೆರಿಗೆ, ದಾರ ಪೋಣಿಸಿ ಎಳೆಯಲು ಬರುವ ಹಾಗೆ. ಪಟ ಇಳಿಸುವುದೂ ಬೇಡ, ಕಾಣಿಸುವುದೂ ಬೇಡ. ಅಂಚಿಗೆ ಹಳದಿ ದಾರದ ಕಸೂತಿ ಬೇರೆ. ಒರಟು ಕೆಲಸ ಅವನ ಕೈಗೆ ಬರುತ್ತಿರಲಿಲ್ಲ. ಅಜ್ಜಿ ಅದನ್ನು ಮುಟ್ಟಿ ನೋಡಿದಳು. "ಚೆನ್ನಾಗೈತೆ" ಅಂದಳು. ತಾತ ಗೆದ್ದೆ ಅಂದುಕೊಂಡ.

ಈಗ ನೆನೆಸಿಕೊಂಡರೂ ನಗು ಬರುತ್ತದೆ, ಅದರ ಹಿಂದೆಯೇ ಅಳುವೂ ಬರುತ್ತದೆ. ನಮ್ಮ ಕಡೆ ಪರದೆ ಇರುವುದು ಗರ್ಭಗುಡಿಯ ದೇವರಿಗೆ. ಪೂಜೆಯ ಹೊತ್ತಿಗೆ ಪರದೆ ಎಳೆದು ಅಲಂಕಾರ ಮಾಡಿ, ಆಮೇಲೆ ಸರಿಸಿ ಮಂಗಳಾರತಿ ಎತ್ತುತ್ತಾರೆ. ತಾತ ಮರೆಮಾಚಲು ಹೊಲಿದ ಬಟ್ಟೆ ರಾಜನನ್ನು ದೇವರನ್ನಾಗಿ ಮಾಡಿಬಿಟ್ಟಿತು. ಬಂದ ಅಧಿಕಾರಿ ಪಾಪ ಒಳ್ಳೆಯವರು. ಚಪ್ಪಲಿ ಕಳಚಿ ಒಳಗೆ ಬಂದರು, ಗೂಡಿನ ಮೇಲಿನ ಕಸೂತಿ ಪರದೆ ನೋಡಿದರು, ಮನೆದೇವರು ಇರಬೇಕು ಅಂತ ಕೈಮುಗಿದರು. ಅವರ ಹಿಂದೆ ಬಂದವರೆಲ್ಲ ಕೈಮುಗಿದರು. ಒಬ್ಬರು ಕಣ್ಣು ಮುಚ್ಚಿ ಕೆನ್ನೆ ಬಡಿದುಕೊಂಡರು. ಅಜ್ಜಿ ಗಂಭೀರವಾಗಿ ಎಲ್ಲರಿಗೂ ಕುಂಕುಮದ ಬಟ್ಟಲು ಹಿಡಿದಳು.

ತಾತ ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು, ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದ. ಏನಾದರೂ ಮಾತಾಡಿ ಅಂದರು. "ಏನಿಲ್ರಿ, ಎಲ್ರೂ ಹೋದ್ರು, ನಾನೂ ಹೋದೆ" ಅಂದ. ಅವರು ಹೊರಟ ಕೂಡಲೇ ಕೊರಳ ಹಾರವನ್ನು ತಾನೇ ತೆಗೆದು ಜಗುಲಿಗೆ ಹೋಗಿ ಮಷಿನ್ನಿಗೆ ತೂಗುಹಾಕಿದ. ಅಜ್ಜಿ ತೆಗೆಯುವ ಮೊದಲೇ ತೆಗೆದ ಅಂತ ನನಗೆ ಗೊತ್ತಾಯಿತು. ಅಜ್ಜಿಗೂ ಗೊತ್ತಾಗಿರಬೇಕು. ಸಂಜೆ ಆಕೆ ಪರದೆ ಸರಿಸಿ ದೀಪ ಹಚ್ಚಿದಳು. ಆ ಪರದೆಯನ್ನು ಅಲ್ಲಿಂದ ಬಿಚ್ಚಲೇ ಇಲ್ಲ. ದಿನಾ ಸರಿಸುವುದು, ಹಚ್ಚುವುದು, ದೀಪ ತಣಿದ ಮೇಲೆ ಎಳೆಯುವುದು.

ನನಗೆ ಅಜ್ಜಿಯ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಎಷ್ಟು ಕಲ್ಲು ಮನಸ್ಸು ಅಂತ. ಒಂದು ಮಾತು ಹೇಳಿದರೆ ಗಂಟೇನು ಹೋಗುತ್ತದೆ ಈಕೆಯದು ಅಂತ. ನಾನು ಆವತ್ತು ಅವಳ ಕೈಯಡುಗೆ ಉಣ್ಣಲಿಲ್ಲ. ಆಕೆ ತಟ್ಟೆಯನ್ನು ಮುಚ್ಚಿಟ್ಟು, ಬೆಳಗ್ಗೆ ಅದೇ ರೊಟ್ಟಿಯನ್ನು ಒಗ್ಗರಣೆ ಹಾಕಿ ಕೊಟ್ಟಳು.

ಎರಡು ವರ್ಷ ಹೀಗೇ ಹೋಯಿತು. ನಾನು ಹತ್ತನೆಯ ತರಗತಿಗೆ ಬಂದೆ. ಒಂದು ದಿನ ಶಾಲೆಯಿಂದ ಬರುವಾಗ ಹೋಟೆಲಿನ ಮುಂದೆ ಜನ ಗುಂಪು ಕೂಡಿದ್ದರು. ಮಹಾರಾಜರು ತೀರಿಕೊಂಡರು ಅಂತ ರೇಡಿಯೋದಲ್ಲಿ ಬಂತಂತೆ. ಅಷ್ಟು ಹೊತ್ತಿಗೆ ಅವರಿಗೆ ರಾಜ್ಯವೂ ಇರಲಿಲ್ಲ, ಸರ್ಕಾರ ಕೊಡುತ್ತಿದ್ದ ರಾಜಧನವೂ ನಿಂತಿತ್ತು. ಆದರೂ ಮುದುಕರು ತಲೆಗೆ ಸುತ್ತಿದ ವಲ್ಲಿಬಟ್ಟೆ ತೆಗೆದು ನಿಂತಿದ್ದರು. ಓಡಿಬಂದು ಮನೆಯಲ್ಲಿ ಹೇಳಿದೆ.

ಅಜ್ಜಿ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ, ಹೆದರಿದಳು. ಗೋಡೆ ಹಿಡಿದು ಕೂತಳು. ಆಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು. "ಮಾತು ಕೊಟ್ಟೋನು ಹೋದ್ರೆ ಮಾತು ಉಳಿತೈತೇನೆ?"

"ಯಾವ ಮಾತು? ಅವರೇನು ನಿಂಗೆ ಮಾತು ಕೊಟ್ಟಿದ್ರಾ?" ಅಂದೆ. ಆಕೆ ಕೈ ಬಿಟ್ಟಳು. ಆವತ್ತು ಸಂಜೆಗೆ ಕಾಯಲಿಲ್ಲ, ಹಗಲಿನಲ್ಲೇ ದೀಪ ಹಚ್ಚಿ ಎಣ್ಣೆ ತುಂಬಿದಳು.

ತಾತ ಮಷಿನ್ನಿಗೆ ಬಟ್ಟೆ ಮುಚ್ಚಿ ಬೇಗ ಅಂಗಡಿ ನಿಲ್ಲಿಸಿದ. "ಪಾಪ, ವಯಸ್ಸಾಗಿರಲಿಲ್ಲ" ಅಂದ. "ಅವನ ಮ್ಯಾಲೆ ನಂಗೆ ಯಾವತ್ತೂ ಸಿಟ್ಟಿರಲಿಲ್ಲ ಕಣವ್ವ." ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದ. ಸತ್ತವರ ಮನೆಯವರು ಮಾಡುವ ಹಾಗೆ.

ಅಲ್ಲಿಂದಾಚೆ ಅಜ್ಜಿ ಬದಲಾದಳು. ತಾತ ಒಬ್ಬನೇ ಸಂತೆಗೆ ಹೊರಟರೆ ಅಡ್ಡ ನಿಲ್ಲುವಳು. ಕೆಮ್ಮಿದರೆ ಕಷಾಯ. ಬಿಸಿಲಿಗೆ ಹೋದರೆ ಬೈಗುಳ. ಅವನು ಊಟ ಮುಗಿಸುವ ತನಕ ಎದುರಿಗೇ ಕೂತು ನೋಡುವಳು. ತಾತನಿಗೆ ಆಶ್ಚರ್ಯ, ಆಮೇಲೆ ಹಿಗ್ಗು. "ನಿಮ್ಮಜ್ಜಿ ಈಗ ಸ್ವಲ್ಪ ಮೆತ್ತಗಾಗ್ಯಾಳೆ ಕಣೆ. ನೋಡ್ತಿರು, ಒಂದಿನ ಹೇಳೇ ಹೇಳ್ತಾಳೆ" ಅಂತ ನನ್ನ ಕಿವಿಯಲ್ಲಿ ಹೇಳುತ್ತಿದ್ದ. ಮುಖ ತೊಳೆದು ತಲೆ ಬಾಚಿಕೊಂಡು ಊಟಕ್ಕೆ ಕೂರುವುದನ್ನು ಅಭ್ಯಾಸ ಮಾಡಿಕೊಂಡ. ಅವನು ಹಾಗೆ ಕಾಯುವುದನ್ನು ನೋಡಲಾರದೆ ನಾನು ತಟ್ಟೆ ಎತ್ತಿಕೊಂಡು ಜಗುಲಿಗೆ ಹೋಗುತ್ತಿದ್ದೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಕೆಮ್ಮು ಎದೆಗೆ ಇಳಿಯಿತು. ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದದ್ದಾಯಿತು. ಅಪ್ಪ ಅಮ್ಮ ಹೊಸದುರ್ಗದ ಬಿಡಾರದಿಂದ ಬಂದರು. ತಾತನನ್ನು ನಡುಮನೆಯಲ್ಲಿ ಮಂಚದ ಮೇಲೆ ಮಲಗಿಸಿದ್ದರು. ಅಲ್ಲಿಂದ ದೇವರ ಗೂಡು ನೆಟ್ಟಗೆ ಕಾಣುತ್ತಿತ್ತು. ಅಜ್ಜಿ ಆ ದಿನಗಳಲ್ಲಿ ದೀಪವನ್ನು ಆರಗೊಡಲೇ ಇಲ್ಲ. ಹಗಲೂ ಉರಿಯುತ್ತಿತ್ತು. ಅಡುಗೆಗೆ ಎಣ್ಣೆ ಇಲ್ಲದಿದ್ದರೂ ಅದಕ್ಕೆ ಇರುತ್ತಿತ್ತು.

ಒಂದು ಸಂಜೆ ತಾತ ಅಜ್ಜಿಯನ್ನು ಹತ್ತಿರ ಕರೆದ. ನಾನು ಅವನ ಕಾಲು ಒತ್ತುತ್ತಿದ್ದೆ. ಅವನು ಕಡೆಗೂ ನನ್ನ ಮೂಲಕ ಅಲ್ಲದೆ ತಾನೇ ಕೇಳಲು ಹೊರಟಿದ್ದ. "ಲೇ, ಅವತ್ತು ನಾನು ಹೋಗಿದ್ದು..." ಅಂದ. ಕೆಮ್ಮು ಬಂತು. ತಡೆದು ಮತ್ತೆ ಹೇಳಿದ. "ನಾನು ಹೋಗಿದ್ದು ಸರಿನಾ, ತಪ್ಪಾ?"

ಅಜ್ಜಿ ಬಾಯಿ ತೆರೆದಳು. ಹೇಳುತ್ತಾಳೆ ಅಂತಲೇ ನಾನು ಕಾಲು ಒತ್ತುವುದನ್ನು ನಿಲ್ಲಿಸಿದೆ. ಆಕೆಯ ಕಣ್ಣು ಗೂಡಿನ ಕಡೆ ಹೋಯಿತು. ಬತ್ತಿ ಚಟಚಟ ಅನ್ನುತ್ತಿತ್ತು, ಎಣ್ಣೆ ತಳ ಕಂಡಿತ್ತು.

"ಈಗ್ಯಾಕೆ ಅದೆಲ್ಲ, ಸುಮ್ಕೆ ಮಲಕ್ಕ" ಅಂದು ಎದ್ದು ಹೋಗಿ ಎಣ್ಣೆ ಸುರಿದಳು. ಬತ್ತಿ ಎಳೆದು ದೊಡ್ಡದು ಮಾಡಿದಳು.

ತಾತ ಅದನ್ನು ನೋಡಿದ. ಸ್ವಲ್ಪ ಹೊತ್ತು ನೋಡಿ ಗೋಡೆಯ ಕಡೆ ಹೊರಳಿ ಮಲಗಿದ. ಆಮೇಲೆ ಏನೂ ಕೇಳಲಿಲ್ಲ. ಮಾರನೆಯ ಬೆಳಗ್ಗೆ ಅಪ್ಪ ಹಾಲು ಕುಡಿಸಲು ಹೋದಾಗ ಅವನು ಹಾಗೇ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ. ಹೋಗಿಬಿಟ್ಟಿದ್ದ.

ಊರಿನವರು ಬಾವುಟ ತಂದು ಹೊದಿಸಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಹೊತ್ತುಕೊಂಡು ಹೋಗಿ ಮಣ್ಣು ಮಾಡಿ ಬಂದರು. ಸಂಜೆಗೆ ಮನೆ ತಣ್ಣಗಾಗಿತ್ತು. ಅಮ್ಮ ಹಿತ್ತಲಲ್ಲಿದ್ದಳು, ಅಪ್ಪ ಜಗುಲಿಯ ಕಂಬಕ್ಕೆ ಒರಗಿದ್ದ. ಅಜ್ಜಿ ನಡುಮನೆಯ ಮೂಲೆಯಲ್ಲಿ ಕೂತಿದ್ದಳು. ದೀಪದ ಹೊತ್ತಾಯಿತು, ಗೂಡಿನ ದೀಪ ಆರಿಹೋಗಿತ್ತು. ಇಷ್ಟು ವರ್ಷ ತಪ್ಪದೆ ನಡೆದದ್ದು, ಆಕೆಗೆ ಏಳಲಾಗದು ಅಂತ ನಾನೇ ಕಡ್ಡಿಪೆಟ್ಟಿಗೆ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ಸಿಟ್ಟಿನಿಂದಲೇ ತೆಗೆದುಕೊಂಡೆ. ತಗೋ, ನಿನ್ನ ರಾಜನಿಗೆ ನಾನೇ ಹಚ್ಚುತ್ತೇನೆ ಅನ್ನುವ ಹಾಗೆ.

"ಬ್ಯಾಡ ಬಿಡವ್ವ" ಅಂದಳು ಅಜ್ಜಿ. "ಇನ್ಯಾತಕ್ಕೆ?"

ನಾನು ನಿಂತೆ. ಆಕೆ ಹೇಳಿದಳು. ಅಷ್ಟು ಉದ್ದ ಮಾತನ್ನು ಆಕೆ ಆಡಿದ್ದು ನಾನು ಕೇಳಿರಲಿಲ್ಲ.

"ಮಗಿಗೆ ಜ್ವರ. ಇವ್ನು ಜೇಲ್ನಾಗೆ. ಮೈಸೂರ್ ಕಡೆ ಗುಂಡು ಹಾರಿಸಿದ್ರಂತೆ, ಜೇಲ್ನಾಗಿರೋರ್ನೂ ಬಿಡಲ್ವಂತೆ ಅಂತ ಜನ ಅಂತಿದ್ರು. ನಾನು ಎರಡು ಕಡೆ ಹರಕೆ ಕಟ್ಟಿದೆ. ಮಗಿಗೆ ಊರಾಚೆ ಅಮ್ಮನ ತಾವ. ನಿಮ್ ತಾತಂಗೆ ರಾಜನ ತಾವ. ಜೇಲು ಅವಂದಲ್ವಾ, ಅವನ್ನೇ ಕೇಳ್ಬೇಕು. ಜೀವಂತ ಮನೀಗೆ ಕಳಿಸು, ಅವ್ನು ಇರೋಗಂಟ ನಿಂಗೆ ದೀಪ ಹಚ್ತೀನಿ ಅಂದೆ. ಅಮ್ಮ ಕೈಬಿಟ್ಲು. ರಾಜ ಬಿಡಲಿಲ್ಲ, ಕಳಿಸ್ದ."

ಊರವರ ಮುಂದೆ ತಾತನ ಕೊರಳಿನಿಂದ ತೆಗೆದ ಹಾರ ನನ್ನ ಕಣ್ಣಿಗೆ ಬಂತು. ಅಂದರೆ ಅದು ಹರಕೆ ಒಪ್ಪಿಸಿದ್ದು. ಇಪ್ಪತ್ತೇಳು ವರ್ಷ ಆಕೆ ಹಚ್ಚಿದ್ದು ಗಂಡನ ಆಯಸ್ಸಿಗೆ. ಅವನು ಪಟ ಇಳಿಸ್ತೀನಿ ಅಂದಾಗ ಆಕೆಗೆ ಕೇಳಿಸಿದ್ದೇ ಬೇರೆ. ನಿನ್ನೆ ಸಂಜೆ ಆಕೆ ಉತ್ತರ ಕೊಡದೆ ಎಣ್ಣೆ ಸುರಿಯಲು ಓಡಿದ್ದು ಯಾಕೆ ಅಂತ ಈಗ ಗೊತ್ತಾಯಿತು. ಕೈಯಲ್ಲಿದ್ದ ಕಡ್ಡಿಪೆಟ್ಟಿಗೆಯನ್ನು ಗೂಡಿನಲ್ಲಿ ಇಟ್ಟೆ.

"ಅವ್ನಿಗೆ ಹೇಳ್ಬಾರದಿತ್ತಾ ಅಜ್ಜಿ? ದೀಪ ತನ್ನನ್ನ ಹಂಗಿಸೋಕೆ ಅಂತ ತಿಳ್ಕಂಡೇ ಸತ್ತ ಅವ್ನು."

"ಹರಕೆ ಬಾಯಿಬಿಟ್ಟು ಹೇಳಿದ್ರೆ ನಿಲ್ಲಲ್ಲ ಕಣೆ" ಅಂದಳು. ಎಲ್ಲರಿಗೂ ಗೊತ್ತಿರುವ ಸಂಗತಿ, ನಿನಗೆ ಗೊತ್ತಿಲ್ಲವೇ ಅನ್ನುವ ಹಾಗೆ.

"ಹೋಗ್ಲಿ, ನೀನು ಮಾಡಿದ್ದು ಸರಿ ಅಂತ ಒಂದು ಮಾತು ಹೇಳ್ಬೇಕಿತ್ತು. ಅಷ್ಟೇ ಕೇಳಿದ್ದು."

"ಸರಿ ಅಂದಿದ್ರೆ, ಮತ್ತೆ ಈ ದೀಪ ಯಾಕೆ ಅಂತ ಕೇಳ್ತಿದ್ದ. ಕೇಳ್ದೆ ಬಿಡೋನಾ ಅವ್ನು? ಏನಂತ ಹೇಳ್ಲಿ?"

ನನಗೆ ತಡೆಯಲಾಗಲಿಲ್ಲ, ಜೋರಾಗಿ ಅತ್ತೆ. ಜಗುಲಿಯಿಂದ ಅಪ್ಪ ಬಂದು ಬಾಗಿಲಲ್ಲಿ ನಿಂತ. ಅವನೂ ಎಲ್ಲ ಕೇಳಿಸಿಕೊಂಡಿದ್ದ. ಆ ವಾರ ನನಗೆ ಪರೀಕ್ಷೆ ಇತ್ತು, ಹತ್ತನೆಯ ತರಗತಿಗೂ ಕ್ರಾಂತಿಯ ಪಾಠವಿತ್ತು; ಚರಿತ್ರೆಯ ಹಾಳೆಯಲ್ಲಿ ಕಾರಣ ಮತ್ತು ಪರಿಣಾಮ ಬರೆಯಿರಿ ಅಂತ ಇದ್ದೇ ಇರುತ್ತದೆ. ಬಾಯಿಪಾಠ ಮಾಡಿದ್ದನ್ನೆಲ್ಲ ಬರೆಯಬೇಕು, ಸ್ವಾತಂತ್ರ್ಯ, ಸಮಾನತೆ ಅಂತ. ಬರೆದೆ, ಪಾಸೂ ಆದೆ. ಆ ಉತ್ತರಗಳಲ್ಲಿ ಸುಳ್ಳೇನೂ ಇರಲಿಲ್ಲ. ತಾತನಂಥವರು ಹೋಗದಿದ್ದರೆ ಇವತ್ತಿಗೂ ಯಾರದೋ ತಲೆಯ ಮೇಲೆ ಕಲ್ಲು ಇರುತ್ತಿತ್ತು, ಅದು ನನಗೆ ಗೊತ್ತು.

ಅಜ್ಜಿ ಎದ್ದಳು. ಗೂಡಿನ ಹತ್ತಿರ ಹೋಗಿ ಕಸೂತಿ ಪರದೆ ಸರಿಸಿದಳು. ಪಟವನ್ನು ಮೊಳೆಯಿಂದ ಇಳಿಸಿ, ಗಾಜನ್ನು ಸೆರಗಿನಲ್ಲಿ ಒರೆಸಿ, "ಮುಗೀತಪ್ಪ" ಅಂದು ಟ್ರಂಕಿನೊಳಗೆ ಇಟ್ಟಳು. ಬೆಳ್ಳಿಹಬ್ಬದ ವರ್ಷ ತಾತ ಕೇಳಿದ್ದು ಅದನ್ನೇ. ಗೋಡೆಯ ಮೇಲೆ ಪಟದ ಅಗಲಕ್ಕೆ ಸುಣ್ಣ ಬೆಳ್ಳಗೆ ಉಳಿದಿತ್ತು, ಸುತ್ತ ಹೊಗೆಯ ಕಪ್ಪು. ಆಕೆ ಪರದೆಯನ್ನು ಮತ್ತೆ ಎಳೆದು ಅದನ್ನು ಮುಚ್ಚಿದಳು.

ಆಮೇಲೆ ಜಗುಲಿಗೆ ಹೋದಳು. ಮಷಿನ್ನಿನ ಸೂಜಿಯ ಕೆಳಗೆ ಅರ್ಧ ಹೊಲಿದ ಅಂಗಿಯೊಂದು ಹಾಗೇ ಇತ್ತು. ಅದರ ಮುಂದಿನ ಸ್ಟೂಲನ್ನು ಕೈಯಲ್ಲಿ ಸವರಿದಳು, ಧೂಳು ಹೊಡೆಯುವ ಹಾಗೆ.

"ನೀನು ಹೋಗಿದ್ದು ಸರಿ ಐತೆ" ಅಂದಳು. ಯಾರೋ ಎದುರಿಗೆ ಕೂತಿದ್ದಾರೆ ಅನ್ನುವ ಹಾಗೆ, ಮೆಲ್ಲಗೆ. ಸ್ವಲ್ಪ ತಡೆದು, ಅವನಿಗೆ ಕೇಳಿಸಲಿಲ್ಲವೇನೋ ಅಂತ, ಇನ್ನೊಂದು ಸಲ ಗಟ್ಟಿಯಾಗಿ ಹೇಳಿದಳು.